ಔಟ್‌ಬೋರ್ಡ್ ಮೋಟಾರಿನ ಎತ್ತರ ಮತ್ತು ಟ್ರಿಮ್: ದೋಣಿ ಓಡದಿದ್ದಾಗ ದೋಷ ಹುಡುಕುವ ಕ್ರಮ

ಗೋವಾದ ಮಾಂಡವಿ, ಝುವಾರಿ, ಶಾಪೋರಾ, ಸಾಳ್ ನದಿಗಳ ಅಳಿವೆಗಳಲ್ಲಿ ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿಗಳ ಮೇಲೂ ಬಲೆ ಬಿಡುವ ಫೈಬರ್ ದೋಣಿಗಳ ಮೇಲೂ ಕೆಲಸ ಮಾಡುವ ಕನ್ನಡಿಗರಿದ್ದಾರೆ. ಕಾರವಾರ, ಅಂಕೋಲಾ ಕಡೆಯಿಂದ ಬಂದವರಿಗೆ ಕಡಲು ಹೊಸದಲ್ಲ. ಬಾಗಲಕೋಟೆ, ಕೊಪ್ಪಳದ ಕಡೆಯವರಿಗೆ ನೀರಿನ ಕೆಲಸ ಇಲ್ಲಿಗೆ ಬಂದ ಮೇಲೆ ಕೈಗೆ ಹತ್ತಿದ್ದು. ಮೆಕ್ಯಾನಿಕ್ಕಿನ ಮುಂದೆ ಮಾತ್ರ ಇಬ್ಬರ ದೂರೂ ಒಂದೇ: “ಅಣ್ಣಾ, ಮೋಟಾರು ಬರೀ ಕೂಗ್ತದೆ, ದೋಣಿ ಮುಂದೆ ಹೋಗೂದಿಲ್ಲ.” ಇದಕ್ಕೆ ತಟ್ಟನೆ ಸಿಗುವ ಉತ್ತರವೆಂದರೆ ಪ್ರೊಪೆಲರ್ ಬದಲಿಸಿ ಎನ್ನುವುದು. ಅದು ದುಬಾರಿ ಉತ್ತರ, ಅನೇಕ ಸಲ ತಪ್ಪು ಉತ್ತರವೂ ಹೌದು. ದೋಣಿಯ ಹೊರಗೆ ತೂಗುವ ಈ ಔಟ್‌ಬೋರ್ಡ್ ಮೋಟಾರು ಹಿಂಬದಿಯ ಹಲಗೆಯ ಮೇಲೆ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದನ್ನು ಮೊದಲು ನೋಡಬೇಕು. ಅದು ಸರಿಯಾದ ಮೇಲೆ ಟ್ರಿಮ್, ಅಂದರೆ ಮೋಟಾರಿನ ಓರೆ. ಇವೆರಡೂ ನೆಲೆಗೆ ನಿಂತ ಮೇಲೆಯೇ ಪ್ರೊಪೆಲರ್. ಎತ್ತರ ತಪ್ಪಿರುವ ಮೋಟಾರಿಗೆ ಯಾವ ಟ್ರಿಮ್ ಕೊಟ್ಟರೂ ಅರ್ಧ ಗುಣ ಮಾತ್ರ ಕಾಣುತ್ತದೆ, ಹಾಗೆಯೇ ಇವೆರಡೂ ತಪ್ಪಿರುವಾಗ ಆರಿಸಿದ ಪ್ರೊಪೆಲರ್ ಮುಂದೆ ಅವು ಸರಿಯಾದ ದಿನ ಹೊಂದುವುದಿಲ್ಲ.

ಇಲ್ಲಿ ಹೇಳುವುದೆಲ್ಲ ವೇಗ ಹಿಡಿದಾಗ ನೀರಿನ ಮೇಲೆ ಎದ್ದು ಓಡುವ, ಅಂದರೆ ಪ್ಲೇನ್ ಆಗುವ ಫೈಬರ್ ದೋಣಿಗಳಿಗೆ ಅನ್ವಯಿಸುತ್ತದೆ. ನೀರನ್ನು ಸೀಳಿಕೊಂಡೇ ನಿಧಾನವಾಗಿ ಸಾಗುವ ಮರದ ನಾಡದೋಣಿಗೆ ಟ್ರಿಮ್ಮಿನಿಂದ ಆಗುವ ಲಾಭ ಅಲ್ಪ. ಅಲ್ಲಿ ಮೋಟಾರು ನೆಟ್ಟಗಿದ್ದು, ಪ್ರೊಪೆಲರ್ ಸಾಕಷ್ಟು ಆಳದಲ್ಲಿದ್ದರೆ ಕೆಲಸ ಮುಗಿಯಿತು.

ಕೀಲಿ ಮುಟ್ಟುವ ಮೊದಲು

ಸ್ಪ್ಯಾನರ್ ಹಿಡಿಯುವ ಮೊದಲು ದೋಣಿಯನ್ನು ಮರಳಿನ ಮೇಲೆ ಎಳೆದು ತಳವನ್ನು ನೋಡಬೇಕು. ಇಲ್ಲಿನ ಬೆಚ್ಚನೆಯ ಉಪ್ಪುನೀರಿನಲ್ಲಿ ಕೆಲವೇ ವಾರ ಕಟ್ಟಿಹಾಕಿದ ದೋಣಿಯ ತಳಕ್ಕೂ ಚಿಪ್ಪು, ಪಾಚಿ ಅಂಟಿಕೊಳ್ಳುತ್ತವೆ, ಮತ್ತು ತಳ ಒರಟಾದ ದೋಣಿ ಮೋಟಾರು ಎಷ್ಟೇ ಸರಿಯಾಗಿದ್ದರೂ ಓಡುವುದಿಲ್ಲ. ನೆಲಹಲಗೆಯ ಕೆಳಗೆ ನೀರು ನಿಂತಿದೆಯೇ, ಒಳಗೆ ತುಂಬಿದ ಫೋಮು ನೀರು ಹೀರಿದೆಯೇ ಎಂದು ಪರೀಕ್ಷಿಸಬೇಕು. ಹಳೆಯ ದೋಣಿ ‘ಭಾರ ಆಗಿದೆ’ ಎಂದು ಜನ ಹೇಳುವುದಕ್ಕೆ ಬಹಳ ಸಲ ಇದೇ ಕಾರಣ. ಪ್ರೊಪೆಲರ್ ಬಿಚ್ಚಿ, ಶಾಫ್ಟಿಗೆ ಬಲೆಯ ನೂಲು ಸುತ್ತಿಕೊಂಡಿದ್ದರೆ ತೆಗೆದು, ರೆಕ್ಕೆಗಳ ಅಂಚು ಬಾಗಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಎಂಜಿನ್ನಿನ ವೇಗ ಏರಿಸುವ ಥ್ರಾಟಲ್ಲಿನ ಕೇಬಲ್ ಪೂರ್ತಿ ಎಳೆದಾಗ ಎಂಜಿನ್ನಿನ ಕಡೆಯೂ ಥ್ರಾಟಲ್ ಪೂರ್ತಿ ತೆರೆಯುತ್ತಿದೆಯೇ ಎಂಬುದನ್ನೂ, ಎಂಜಿನ್ ನಿಂತಿರುವಾಗಲೇ, ಕವರ್ ತೆಗೆದು ಖಚಿತಪಡಿಸಿಕೊಳ್ಳಬೇಕು.

ಒಂದು ದೋಷವನ್ನು ಇಲ್ಲಿಯೇ ಬೇರೆ ಮಾಡಿಬಿಡುವುದು ಒಳ್ಳೆಯದು. ಬಹುತೇಕ ಪ್ರೊಪೆಲರ್‌ಗಳ ನಡುವೆ ರಬ್ಬರಿನ ಒಂದು ಬುಷ್ ಇರುತ್ತದೆ. ರೆಕ್ಕೆ ಕಲ್ಲಿಗೆ ಬಡಿದಾಗ ಗೇರು ಮುರಿಯದಂತೆ ಕಾಪಾಡಲು ಅದು ಜಾರುತ್ತದೆ. ಒಮ್ಮೆ ಜಾರಿದ ರಬ್ಬರು ಆಮೇಲೆ ಭಾರ ಬಿದ್ದಾಗಲೆಲ್ಲ ಜಾರುತ್ತದೆ. ಆಗಲೂ ಎಂಜಿನ್ ಕೂಗುತ್ತದೆ, ದೋಣಿ ಓಡುವುದಿಲ್ಲ. ಮೋಟಾರು ಅತಿ ಎತ್ತರದಲ್ಲಿದ್ದಾಗಲೂ ಇದೇ ಲಕ್ಷಣ. ಒಳಗಿನ ಹಬ್ಬಿನಿಂದ (ಶಾಫ್ಟಿಗೆ ಕೂರುವ ನಡುಭಾಗದಿಂದ) ಹೊರಗಿನ ಲೋಹದವರೆಗೆ ಪೇಂಟಿನಿಂದ ಒಂದು ನೇರ ಗೆರೆ ಎಳೆದು, ಪೂರ್ತಿ ಥ್ರಾಟಲ್‌ನಲ್ಲಿ ಒಂದು ಸುತ್ತು ಓಡಿಸಿ ಬಂದು ನೋಡಿದಾಗ ಗೆರೆ ತುಂಡಾಗಿ ಎರಡು ಕಡೆ ನಿಂತಿದ್ದರೆ ರಬ್ಬರು ಹೋಗಿದೆ ಎಂದೇ ಅರ್ಥ. ಅಂಥ ಪ್ರೊಪೆಲರ್ ಇಟ್ಟುಕೊಂಡು ಎತ್ತರ ಸರಿಪಡಿಸಲು ಹೊರಡುವುದು ವ್ಯರ್ಥ.

ಇದಾದ ಮೇಲೆ ಈಗಿನ ಸ್ಥಿತಿಯನ್ನು ಅಳೆದು ಬರೆದಿಡಬೇಕು. ಬೇಕಾದದ್ದು ಎರಡೇ: ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುವ ಮೀಟರು, ಮತ್ತು ವೇಗ ತೋರಿಸುವ ಜಿಪಿಎಸ್, ಮೊಬೈಲಿನ ಜಿಪಿಎಸ್ ಆದರೂ ಸಾಕು. ನಮ್ಮ ನದಿಗಳಲ್ಲಿ ಉಬ್ಬರ ಇಳಿತದ ಸೆಳೆತ ಇರುವುದರಿಂದ ಒಂದೇ ದಿಕ್ಕಿನ ಓಟವನ್ನು ನಂಬುವಂತಿಲ್ಲ. ಅದೇ ದಾರಿಯಲ್ಲಿ ಹೋಗಿ, ಕೂಡಲೇ ತಿರುಗಿ ಬಂದು, ಎರಡೂ ವೇಗಗಳ ಸರಾಸರಿ ತೆಗೆಯಬೇಕು: ಇಳಿತದ ಜೊತೆ 27 ನಾಟ್ (ಗಂಟೆಗೆ ಅಷ್ಟು ಕಡಲಮೈಲು), ಎದುರಾಗಿ 23 ನಾಟ್ ಬಂದರೆ ದೋಣಿಯ ನಿಜವಾದ ವೇಗ 25. ಪ್ರತಿ ಪರೀಕ್ಷೆಯಲ್ಲಿಯೂ ಇಂಧನ, ಜನ, ಸಾಮಾನು ಅಷ್ಟೇ ಇರಬೇಕು. ಪಣಜಿಯ ಎದುರಿನ ಮಾಂಡವಿಯಲ್ಲಿ ಕ್ಯಾಸಿನೊ ಹಡಗುಗಳೂ ಫೆರಿಗಳೂ ಇರುವುದರಿಂದ ಅದು ಪೂರ್ತಿ ಥ್ರಾಟಲ್ ತೆರೆಯುವ ಜಾಗವಲ್ಲ. ದಟ್ಟಣೆಯಿಲ್ಲದ, ಅಗಲವಾದ, ಆಳ ಗೊತ್ತಿರುವ ನೀರನ್ನು ಆರಿಸಿಕೊಳ್ಳಬೇಕು. ಮಾಂಡವಿ, ಝುವಾರಿ ನದಿಗಳನ್ನು ಕೂಡಿಸುವ ಕುಂಭಾರ್ಜುವಾ ಕಾಲುವೆಯ ನೀರು ಶಾಂತವಾಗಿದೆ ಎಂದು ಅಲ್ಲಿಗೆ ಹೋಗಬೇಕೆನ್ನಿಸಬಹುದು, ಆದರೆ ಅದು ಇಕ್ಕಟ್ಟು, ಮೇಲಾಗಿ ಅಲ್ಲಿ ಮೊಸಳೆಗಳಿವೆ. ಪ್ರೊಪೆಲರ್ ನೋಡಲು ನೀರಿಗಿಳಿಯುವ ಅಭ್ಯಾಸದವರು ಇದನ್ನು ನೆನಪಿಡುವುದು ಒಳ್ಳೆಯದು. ಪರೀಕ್ಷೆಯ ಓಟದಲ್ಲಿ ಪ್ರವಾಸಿಗರನ್ನು ಕೂರಿಸಬಾರದು, ಲೈಫ್ ಜಾಕೆಟ್ ಹಾಕಿಕೊಂಡಿರಬೇಕು, ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ಚಿನ ದಾರ ನಡೆಸುವವರ ಮೈಗೆ ಕಟ್ಟಿರಬೇಕು.

ಎತ್ತರವನ್ನು ಅಳೆಯುವುದು

ಪ್ರೊಪೆಲರ್‌ನ ಮೇಲುಗಡೆ, ನೀರಿಗಿಳಿಯುವ ಭಾಗದ, ಅಂದರೆ ಮೋಟಾರಿನ ಕಾಲಿನ ಎರಡೂ ಬದಿಗೆ ಚಾಚಿರುವ ಚಪ್ಪಟೆ ಲೋಹದ ತಟ್ಟೆಯನ್ನು ಎಲ್ಲರೂ ಕ್ಯಾವಿಟೇಷನ್ ಪ್ಲೇಟ್ ಎನ್ನುತ್ತಾರೆ. ಅದರ ನಿಜವಾದ ಕೆಲಸ ಮೇಲಿನ ಗಾಳಿ ಪ್ರೊಪೆಲರ್‌ಗೆ ಇಳಿಯದಂತೆ ತಡೆಯುವುದು. ಎತ್ತರದ ಲೆಕ್ಕವೆಲ್ಲ ಈ ಪ್ಲೇಟಿಗೂ ದೋಣಿಯ ತಳಕ್ಕೂ ಇರುವ ಅಂತರದ ಲೆಕ್ಕ.

ಮೊದಲಿಗೆ ಶಾಫ್ಟಿನ, ಅಂದರೆ ಮೋಟಾರಿನ ಕಾಲಿನ, ಉದ್ದವೇ ಸರಿಯಿದೆಯೇ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಮೋಟಾರುಗಳು 15 ಇಂಚಿನ ಶಾರ್ಟ್, 20 ಇಂಚಿನ ಲಾಂಗ್, 25 ಇಂಚಿನ ಎಕ್ಸ್‌ಟ್ರಾ ಲಾಂಗ್ ಎಂಬ ಅಳತೆಗಳಲ್ಲಿ ಬರುತ್ತವೆ, ಮತ್ತು ಹಿಂಬದಿಯ ಹಲಗೆಯ ಎತ್ತರ ಸುಮಾರಾಗಿ ಇದಕ್ಕೆ ಹೊಂದಬೇಕು. ಸೆಕೆಂಡ್ ಹ್ಯಾಂಡ್ ಮೋಟಾರು ಅಗ್ಗಕ್ಕೆ ಸಿಕ್ಕಿತೆಂದು 15 ಇಂಚಿನ ಹಲಗೆಗೆ 20 ಇಂಚಿನ ಮೋಟಾರು ತೂಗುಹಾಕಿದರೆ ಪ್ಲೇಟು ತಳಕ್ಕಿಂತ ಐದು ಇಂಚು ಕೆಳಗೆ ಎಳೆದುಕೊಂಡು ಬರುತ್ತದೆ. ಅದನ್ನು ಬೋಲ್ಟಿನ ತೂತು ಬದಲಿಸಿ ಸರಿಪಡಿಸಲಾಗದು.

ಉದ್ದ ಸರಿಯಿದ್ದರೆ, ದೋಣಿಯನ್ನು ಟ್ರೇಲರಿನ ಮೇಲೆ ಅಥವಾ ದಿಮ್ಮಿಗಳ ಮೇಲೆ ಭದ್ರವಾಗಿ ಏರಿಸಿ, ಪ್ಲೇಟು ತಳಕ್ಕೆ ಸಮಾನಾಂತರವಾಗುವಂತೆ ಮೋಟಾರನ್ನು ಇಳಿಸಿ ನಿಲ್ಲಿಸಬೇಕು. ಬಳಿಕ ಎರಡು ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ತಳದ ನಡುಗೆರೆಗೆ ಒತ್ತಿ ಹಿಡಿದು, ಅದರ ತುದಿ ಪ್ಲೇಟಿನ ಪಕ್ಕಕ್ಕೆ ಬರುವವರೆಗೆ ಹಿಂದಕ್ಕೆ ಚಾಚಬೇಕು. ‘ವಿ’ ಆಕಾರದ ತಳವಾದರೆ ಆ ‘ವಿ’ಯ ತುತ್ತತುದಿಯೇ ಅಳತೆಯ ಗೆರೆ. ಪಟ್ಟಿಗೂ ಪ್ಲೇಟಿಗೂ ನಡುವಿನ ಅಂತರವೇ ಬೇಕಾದ ಅಂಕಿ. ಪ್ಲೇಟು ತಳದ ಮಟ್ಟದಿಂದ ಹಿಡಿದು 25 ಮಿಲಿಮೀಟರ್ ಕೆಳಗಿನವರೆಗೆ ಇರಲಿ ಎಂಬುದು ತಯಾರಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸೂಚನೆ, ಮತ್ತು ಆರಂಭಕ್ಕೆ ಅದೇ ಸರಿ. ಪಟ್ಟಿ ಹಿಡಿದಾಗ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ತಳದ ಕೊನೆಯ ಒಂದೂವರೆ ಮೀಟರಿನಲ್ಲಿ ಪಟ್ಟಿಯ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ, ಆ ದೋಣಿಯ ಮೂತಿ ಸದಾ ಕೆಳಗೊತ್ತುತ್ತದೆ. ಪಟ್ಟಿ ತಕ್ಕಡಿಯಂತೆ ಆಚೀಚೆ ಆಡಿದರೆ ತಳ ಉಬ್ಬಿದೆ, ಆ ದೋಣಿ ಓಡುವಾಗ ಕುಪ್ಪಳಿಸುತ್ತದೆ. ಇವೆರಡೂ ಫೈಬರ್ ಕೆಲಸದವರು ನೋಡಬೇಕಾದ ದೋಷಗಳು, ಮೋಟಾರಿನ ತಲೆಗೆ ಕಟ್ಟುವಂಥವಲ್ಲ.

ಕೆಳಗಿದೆಯೋ, ಮೇಲಿದೆಯೋ

ಜೆಟ್ಟಿಗಳಲ್ಲಿ ಕಾಣುವ ಫೈಬರ್ ದೋಣಿಗಳನ್ನು ನೋಡಿದರೆ, ಮೋಟಾರು ಬೇಕಾದ್ದಕ್ಕಿಂತ ಕೆಳಗೆ ಕೂತಿರುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಕೂರಿಸುವವರು ಕ್ಲಾಂಪನ್ನು ಹಲಗೆಯ ಮೇಲೆ ಪೂರ್ತಿ ಇಳಿಸಿ, ಮೇಲಿನ ತೂತಿಗೆ ಬೋಲ್ಟು ಹಾಕಿ ಹೋಗುತ್ತಾರೆ. ಕೆಳಗಿದ್ದರೆ ಪ್ರೊಪೆಲರ್ ನೀರು ಬಿಡುವುದಿಲ್ಲವಲ್ಲ ಎಂಬ ಧೈರ್ಯ. ಆದರೆ ಮೋಟಾರಿನ ಕಾಲು ನೀರಿನಲ್ಲಿ ಎಷ್ಟು ಮುಳುಗಿರುತ್ತದೋ ಅಷ್ಟು ಎಳೆತ, ಮತ್ತು ಆ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಕೆಳಗೆ ಕೂತ ಮೋಟಾರಿನ ಗುರುತುಗಳು ದೋಣಿ ದಡದಲ್ಲಿದ್ದಾಗಲೂ ಸಿಗುತ್ತವೆ. ಕ್ಲಾಂಪ್ ಬ್ರ್ಯಾಕೆಟ್ಟಿನ ಅಡಿಯಲ್ಲಿ, ಟಿಲ್ಟ್ ಪಿನ್ನಿನ ಸುತ್ತ, ಕವರಿನ ಕೆಳಅಂಚಿನಲ್ಲಿ ಬಿಳಿಯ ಉಪ್ಪು ಪದರವಾಗಿ ಗಟ್ಟಿಕೊಂಡಿದ್ದರೆ, ಓಡುವಾಗ ಕಾಲಿಗೆ ಬಡಿದ ನೀರು ಅಲ್ಲಿಯವರೆಗೆ ಏರುತ್ತಿದೆ ಎಂದು ತಿಳಿಯಬೇಕು. ನೀರಿನ ಮೇಲೆ ಅದೇ ದೋಣಿಯ ಸ್ಟಿಯರಿಂಗ್ ಭಾರವಾಗಿರುತ್ತದೆ, ಮೋಟಾರಿನ ಹಿಂದಿನಿಂದ ತುಂತುರು ಏಳುತ್ತಿರುತ್ತದೆ, ಪೂರ್ತಿ ಥ್ರಾಟಲ್‌ನಲ್ಲೂ ಆರ್‌ಪಿಎಂ ಕೈಪಿಡಿಯ ಮಿತಿಯನ್ನು ಮುಟ್ಟುವುದಿಲ್ಲ.

ಅತಿ ಎತ್ತರದಲ್ಲಿರುವ ಮೋಟಾರಿನ ಕಥೆ ಬೇರೆ. ತಿರುವಿನಲ್ಲಿ, ಅಲೆಯ ಮೇಲೆ ಹಾರಿದಾಗ, ಅಥವಾ ಒಮ್ಮೆಲೇ ಥ್ರಾಟಲ್ ಕೊಟ್ಟಾಗ ಪ್ರೊಪೆಲರ್ ಮೇಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಪಂಪ್‌ಸೆಟ್ಟಿಗೆ ಏರ್ ಹಿಡಿದಂತೆ ಎಂಜಿನ್ ಕೂಗುತ್ತದೆ, ಕೆಲಸ ನಿಲ್ಲುತ್ತದೆ. ಇದು ವೆಂಟಿಲೇಷನ್. ರೆಕ್ಕೆಯ ಮೇಲೆ ಒತ್ತಡ ಕುಸಿದು ನೀರೇ ಆವಿಯ ಗುಳ್ಳೆಗಳಾಗುವ ಕ್ಯಾವಿಟೇಷನ್ ಬೇರೆ: ಆ ಗುಳ್ಳೆಗಳು ಒಡೆದ ಕಡೆ ರೆಕ್ಕೆಯ ಪೇಂಟು ಸುಟ್ಟಂತೆ ಹೋಗಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಮತ್ತು ಅದಕ್ಕೆ ಹೆಚ್ಚಾಗಿ ಬಾಗಿದ ಅಥವಾ ಚಕ್ಕೆ ಹೋದ ರೆಕ್ಕೆ ಕಾರಣವಾಗಿರುತ್ತದೆ. ಎತ್ತರ ಹೆಚ್ಚಾದಾಗಿನ ಅಪಾಯ ವೇಗ ಕುಂದುವುದಷ್ಟೇ ಅಲ್ಲ. ತಂಪು ನೀರು ಹೀರುವ ಜಾಲರಿಗಳೂ ಕಾಲಿನ ಮೇಲೆಯೇ ಇರುವುದರಿಂದ ಅವು ಗಾಳಿ ಕುಡಿದರೆ ಎಂಜಿನ್ ಬಿಸಿಯಾಗುತ್ತದೆ. ಆದ್ದರಿಂದ ಪರೀಕ್ಷೆಯ ಉದ್ದಕ್ಕೂ ಎಂಜಿನ್ನಿನ ಪಕ್ಕದಿಂದ ಹೊರಬರುವ ತಂಪು ನೀರಿನ ಧಾರೆಯ ಮೇಲೆ ಕಣ್ಣಿರಬೇಕು. ಧಾರೆ ತುಂಡು ತುಂಡಾದರೆ ಓಟ ಅಲ್ಲಿಗೇ ನಿಲ್ಲಬೇಕು.

ಹೆಚ್ಚು ನಂಬಬಹುದಾದ ಪುರಾವೆ ದೋಣಿ ಪ್ಲೇನ್ ಆದಾಗ ಪ್ಲೇಟು ಎಲ್ಲಿ ಕಾಣುತ್ತದೆ ಎಂಬುದು. ಇನ್ನೊಬ್ಬರು ನಡೆಸುತ್ತಿರುವಾಗ, ಹಲಗೆಯ ಮೇಲೆ ಬಗ್ಗದೆ, ಒಳಗೆ ಭದ್ರವಾಗಿ ಕೂತು, ಮೊಬೈಲನ್ನು ಕೋಲಿಗೆ ಕಟ್ಟಿ ಹಿಂದಕ್ಕೆ ಚಾಚಿ ವಿಡಿಯೊ ತೆಗೆಯಬಹುದು. ತಳದಿಂದ ಬಿಡಿಸಿಕೊಂಡು ಬರುವ ನೀರು ಪ್ಲೇಟಿನ ಮೇಲ್ಮೈಯನ್ನು ಸವರಿಕೊಂಡು, ತೆಳುವಾಗಿ ಹರಿದು ಹೋಗುತ್ತಿದ್ದರೆ ಎತ್ತರ ಸರಿಯಿದೆ. ಪ್ಲೇಟು ಕಾಣದಷ್ಟು ಮುಳುಗಿದ್ದರೆ ಏರಿಸಲು ಅವಕಾಶವಿದೆ.

ಏರಿಸುವ ಕೆಲಸ

ಬೋಲ್ಟಿನಿಂದ ಕೂರುವ ಮೋಟಾರುಗಳ ಬ್ರ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಮುಕ್ಕಾಲು ಇಂಚಿಗೊಂದರಂತೆ, ಅಂದರೆ 19 ಮಿಲಿಮೀಟರ್ ಅಂತರದಲ್ಲಿ ತೂತುಗಳಿರುತ್ತವೆ. ಚೈನ್ ಪುಲ್ಲಿಯನ್ನು ಎಂಜಿನ್ನಿನ ಲಿಫ್ಟಿಂಗ್ ರಿಂಗಿಗೆ ಸಿಕ್ಕಿಸಿ ಭಾರ ಹಿಡಿದ ಮೇಲೆಯೇ ಬೋಲ್ಟು ಬಿಚ್ಚಬೇಕು. ನಾಲ್ಕು ಜನ ಕೈಯಲ್ಲಿ ಹಿಡಿದುಕೊಳ್ಳುತ್ತೇವೆ ಎನ್ನುವವರ ಮಾತು ಕೇಳಬಾರದು. ಒಂದು ಸಲಕ್ಕೆ ಒಂದೇ ತೂತು ಏರಿಸಿ, ಸ್ಟಿಯರಿಂಗ್, ಗೇರ್, ಥ್ರಾಟಲ್ ಕೇಬಲ್‌ಗಳೂ ಇಂಧನದ ಹೋಸೂ ಎಲ್ಲಿಯೂ ಬಿಗಿದುಕೊಂಡಿಲ್ಲವೆಂದು ಮೋಟಾರನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಮತ್ತೆ ಹಳೆಯ ಓಟವನ್ನೇ ಓಡಿಸಬೇಕು. ಬೋಲ್ಟು ಹೊರಬಂದಾಗ ತೂತಿನೊಳಗೆ ಬೆರಳಿಟ್ಟು ನೋಡುವ ಅವಕಾಶವನ್ನು ಬಿಡಬಾರದು. ಫೈಬರಿನ ಒಳಗಿನ ಪ್ಲೈವುಡ್ ಒದ್ದೆಯಾಗಿ ಕಪ್ಪಗೆ ಪುಡಿಯಾಗುತ್ತಿದ್ದರೆ, ಅಥವಾ ಹಲಗೆಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಎತ್ತರದ ಯೋಚನೆ ಬಿಟ್ಟು ಮೊದಲು ಹಲಗೆಯನ್ನೇ ದುರಸ್ತಿ ಮಾಡಿಸಬೇಕು. ಹೊಸ ತೂತು ಕೊರೆದರೂ ಹಳೆಯ ತೂತು ಮುಚ್ಚಿದರೂ ಒಳಗೆ ನೀರು ಇಳಿಯದಂತೆ ಮೆರೀನ್ ಸೀಲಂಟ್ ತುಂಬಬೇಕು. ಮನೆಯ ಕಿಟಕಿಗೆ ಹಚ್ಚುವ ಸಿಲಿಕೋನ್ ಇದಕ್ಕೆ ಸಾಲದು.

ಕ್ಲಾಂಪ್ ತಿರುಪಿನಿಂದ ಕೂರುವ ಚಿಕ್ಕ ಮೋಟಾರಿಗೆ ತೂತಿನ ಅನುಕೂಲ ಇಲ್ಲ. ಹಲಗೆಯ ನೆತ್ತಿಯ ಮೇಲೆ ರಾಳ ಹಚ್ಚಿದ ಗಟ್ಟಿ ಮರದ ಪಟ್ಟಿಯೊಂದನ್ನು ಬಿಗಿದು ಅದರ ಮೇಲೆ ಕೂರಿಸುವುದು ರೂಢಿ. ಕ್ಲಾಂಪಿನ ತಿರುಪುಗಳು ಮಾತ್ರ ಆ ಪಟ್ಟಿಯನ್ನಲ್ಲ, ಕೆಳಗಿನ ಮೂಲ ಹಲಗೆಯನ್ನೇ ಕಚ್ಚಿರಬೇಕು, ಜೊತೆಗೆ ಮೋಟಾರನ್ನು ಸರಪಳಿಯಿಂದ ದೋಣಿಗೆ ಕಟ್ಟಿರಬೇಕು. ಮೋಟಾರನ್ನು ಹಲಗೆಯಿಂದ ಹಿಂದಕ್ಕೆ ಸರಿಸುವ ಬ್ರ್ಯಾಕೆಟ್ ಇದ್ದರೆ, ಹಿಂದೆ ನೀರು ಸ್ವಲ್ಪ ಏರುವುದರಿಂದ, ಪ್ರತಿ 8–10 ಇಂಚು ದೂರಕ್ಕೆ ಸುಮಾರು ಒಂದು ಇಂಚಿನಂತೆ ಮೋಟಾರನ್ನೂ ಏರಿಸಬಹುದು.

ಎಲ್ಲಿ ನಿಲ್ಲಬೇಕು? ವೇಗ ಏರುವುದು ನಿಂತು, ಮಾಮೂಲಿ ತಿರುವಿನಲ್ಲೇ ಪ್ರೊಪೆಲರ್ ಗಾಳಿ ಹಿಡಿಯತೊಡಗಿದರೆ ಒಂದು ತೂತು ಕೆಳಗಿಳಿಸಬೇಕು. ಮಾಂಡವಿಯ ಬಾಯಿಯ ಅಗ್ವಾದ ಕೋಟೆಯ ಆಚೆ ಅಲೆಯಲ್ಲಿ ಜನ ತುಂಬಿಕೊಂಡು ಹೋಗುವ ದೋಣಿಯಾದರೆ ಅದಕ್ಕಿಂತ ಇನ್ನೊಂದು ತೂತು ಕೆಳಗಿರಲಿ. ಒಂದೆರಡು ನಾಟ್ ಕಡಿಮೆಯಾದರೂ, ಮರಳುದಿಣ್ಣೆ ದಾಟುವಾಗ ಹಿಂದಿನಿಂದ ಅಲೆ ಬಂದ ಕ್ಷಣದಲ್ಲಿ ಪ್ರೊಪೆಲರ್ ನೀರು ಬಿಡದಿರುವುದು ಮುಖ್ಯ. ನದಿಯೊಳಗಷ್ಟೇ ಓಡುವ ಹಗುರ ದೋಣಿಗೆ ಈ ಜಾಗ್ರತೆ ಬೇಕಾಗಿಲ್ಲ.

ಟ್ರಿಮ್

ಮೋಟಾರಿನ ಕಾಲನ್ನು ಹಲಗೆಯ ಕಡೆಗೆ ಒಳಕ್ಕೆ ತಂದರೆ ದೋಣಿಯ ಮೂತಿ ಕೆಳಗಿಳಿಯುತ್ತದೆ. ಹೊರಕ್ಕೆ ಬಿಟ್ಟರೆ ಮೂತಿ ಏಳುತ್ತದೆ. ಪವರ್ ಟ್ರಿಮ್ ಇರುವಲ್ಲಿ ಇದು ಗುಂಡಿಯ ಕೆಲಸ. ಚಿಕ್ಕ ಮೋಟಾರಿನಲ್ಲಿ ಬ್ರ್ಯಾಕೆಟ್ಟಿನ ತೂತುಗಳಲ್ಲಿ ಅಡ್ಡಲಾಗಿ ಕೂರುವ ಪಿನ್ನು ಇದನ್ನು ನಿರ್ಧರಿಸುತ್ತದೆ, ಮತ್ತು ಅದನ್ನು ಎಂಜಿನ್ ಆಫ್ ಮಾಡಿದ ಮೇಲೆಯೇ ಬದಲಿಸಬೇಕು. ಪಿನ್ನಿನ ಮೋಟಾರಿಗೆ ಮೊದಲು ಪ್ಲೇಟು ತಳಕ್ಕೆ ಸಮಾನಾಂತರವಾಗುವ ತೂತನ್ನು ಆರಿಸಿ, ಮಾಮೂಲಿ ಹೊರೆಯೊಂದಿಗೆ ಓಡಿಸಿ, ಮೂತಿ ನೀರಿಗೆ ಒತ್ತಿಕೊಂಡೇ ಇದ್ದರೆ ಒಂದು ತೂತು ಹೊರಕ್ಕೆ, ಏಳುವಾಗ ಮೂತಿ ಆಕಾಶ ನೋಡಿ ಮುಂದಿನ ದಾರಿಯೇ ಕಾಣದಿದ್ದರೆ ಒಂದು ತೂತು ಒಳಕ್ಕೆ ಹಾಕಬೇಕು.

ಪವರ್ ಟ್ರಿಮ್‌ನಲ್ಲಿ ಹೊರಡುವಾಗ ಪೂರ್ತಿ ಒಳಗಿಟ್ಟು, ದೋಣಿ ಪ್ಲೇನ್ ಆದ ಮೇಲೆ ಗುಂಡಿಯನ್ನು ಚಿಟುಕು ಚಿಟುಕಾಗಿ ಒತ್ತಿ ಹೊರಕ್ಕೆ ಬಿಡಬೇಕು. ಥ್ರಾಟಲ್ ಮುಟ್ಟದಿದ್ದರೂ ಆರ್‌ಪಿಎಂ ನಿಧಾನವಾಗಿ ಏರುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ, ಪಕ್ಕಕ್ಕೆ ಚಿಮ್ಮುವ ನೀರು ಮೂತಿಯ ಬಳಿಯಿಂದ ಹಿಂದಕ್ಕೆ ಸರಿಯುತ್ತದೆ. ಜಿಪಿಎಸ್ ವೇಗ ಏರುವುದು ನಿಂತು ಆರ್‌ಪಿಎಂ ಮಾತ್ರ ಏರತೊಡಗಿದರೆ ಮಿತಿ ದಾಟಿದೆ. ಮೂತಿ ಲಯಬದ್ಧವಾಗಿ ಮೇಲೆ ಕೆಳಗೆ ಕುಪ್ಪಳಿಸತೊಡಗಿದರಂತೂ ಕೂಡಲೇ ಸ್ವಲ್ಪ ಒಳಕ್ಕೆ ತರಬೇಕು. ಬಿರುಸಾದ ತಿರುವಿಗೆ ಮೊದಲು ಒಳಕ್ಕೆ, ಎದುರು ಅಲೆಗೆ ತುಸು ಒಳಕ್ಕೆ. ಹಿಂದಿನಿಂದ ಅಲೆ ಬರುತ್ತಿರುವಾಗ ಮಾತ್ರ ಪೂರ್ತಿ ಒಳಗಿಡಬಾರದು: ಕೆಳಗಿಳಿದ ಮೂತಿ ಮುಂದಿನ ಅಲೆಗೆ ನಾಟಿಕೊಂಡು, ಹಿಂದಿನ ಅಲೆ ದೋಣಿಯನ್ನು ಅಡ್ಡ ತಿರುಗಿಸಿ ಮಗುಚಬಹುದು. ಬೇತುಲ್‌ನಲ್ಲಿ ಸಾಳ್ ನದಿಯ ಬಾಯಿಯಂಥ ಮರಳು ಕೂಡುವ ಜಾಗದಲ್ಲಿ ಮೋಟಾರನ್ನು ಎತ್ತಿ ಓಡಿಸುವುದೇನೋ ಅನಿವಾರ್ಯ. ಅದು ನಿಧಾನಗತಿಗೆ ಮಾತ್ರ, ನೀರು ಹೀರುವ ಜಾಲರಿ ಮುಳುಗಿರುವವರೆಗೆ ಮಾತ್ರ.

ಒಳಕ್ಕೆ ತಂದರೂ ಕುಪ್ಪಳಿಸುವುದು ನಿಲ್ಲದಿದ್ದರೆ ಭಾರವನ್ನು ನೋಡಬೇಕು. ಇಂಧನದ ಕ್ಯಾನು, ಬ್ಯಾಟರಿ, ಐಸ್ ಪೆಟ್ಟಿಗೆ, ಒದ್ದೆ ಬಲೆ ಎಲ್ಲವೂ ಹಿಂದೆ ರಾಶಿ ಬಿದ್ದಿರುತ್ತವೆ. ಅರ್ಧವನ್ನು ನಡುವಿಗೆ ಸರಿಸಿದರೆ ಎಷ್ಟೋ ಸಲ ರೋಗವೇ ಹೋಗುತ್ತದೆ. ಇದೇ ರೀತಿ, ಪ್ರೊಪೆಲರ್ ಗಾಳಿ ಹಿಡಿಯುವುದು ಟ್ರಿಮ್ಮಿನಿಂದಲೋ ಎತ್ತರದಿಂದಲೋ ಎಂಬುದನ್ನು ಬೇರ್ಪಡಿಸಲು ಪೂರ್ತಿ ಒಳಕ್ಕೆ ತಂದು ಅದೇ ತಿರುವನ್ನು ತಿರುಗಿಸಬೇಕು: ನಿಂತರೆ ಟ್ರಿಮ್, ನಿಲ್ಲದಿದ್ದರೆ ಎತ್ತರ. ಎತ್ತರವೂ ಸರಿಯಿದ್ದರೆ ಮೋಟಾರಿನ ನೇರ ಮುಂದೆ ತಳದಲ್ಲಿ ಏನಿದೆ ನೋಡಿ. ಫಿಶ್ ಫೈಂಡರಿನ ಸೆನ್ಸರನ್ನು ನಡುಗೆರೆಯ ಹತ್ತಿರ ತಿರುಪು ಹಾಕಿ ಕೂರಿಸಿದರೆ ಅದರ ಹಿಂದೆ ಏಳುವ ಗುಳ್ಳೆಯ ಸಾಲು ನೇರವಾಗಿ ಪ್ರೊಪೆಲರ್‌ಗೇ ಹೋಗುತ್ತದೆ. ಅದನ್ನು ಪಕ್ಕಕ್ಕೆ ಸರಿಸುವುದೇ ಮದ್ದು.

ಸ್ಟಿಯರಿಂಗ್ ಒಂದೇ ಕಡೆ ಎಳೆಯುತ್ತಿದ್ದರೆ ಪ್ಲೇಟಿನ ಅಡಿಯಲ್ಲಿರುವ ಸಣ್ಣ ಟ್ರಿಮ್ ಟ್ಯಾಬಿನ ಬೋಲ್ಟನ್ನು ಸಡಿಲಿಸಿ, ದೋಣಿ ಎಳೆಯುವ ಕಡೆಗೇ ಅದರ ಹಿಂದಂಚನ್ನು ಸ್ವಲ್ಪ ತಿರುಗಿಸಬೇಕು. ಮೋಟಾರನ್ನು ಏರಿಸಿದಷ್ಟೂ ಈ ಟ್ಯಾಬಿನ ಹಿಡಿತ ಕಡಿಮೆಯಾಗುತ್ತದೆ ಎಂಬುದು ತಿಳಿದಿರಲಿ.

ಕೊನೆಗೆ ಪ್ರೊಪೆಲರ್

ಎತ್ತರ, ಟ್ರಿಮ್ ಎರಡೂ ನಿಂತ ಮೇಲೆ ಮಾಮೂಲಿ ಹೊರೆಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಕೈಪಿಡಿಯ ಮಿತಿಯೊಳಗೆ ಬರುತ್ತದೆಯೇ ನೋಡಬೇಕು; ಅನೇಕ ಫೋರ್ ಸ್ಟ್ರೋಕ್ ಮೋಟಾರುಗಳಿಗೆ ಅದು 5000ದಿಂದ 6000. ಕಡಿಮೆ ಬಂದರೆ ಪಿಚ್ (ಜಾರದಿದ್ದರೆ ಪ್ರೊಪೆಲರ್ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಇಳಿಸಬೇಕು, ಹೆಚ್ಚಾದರೆ ಏರಿಸಬೇಕು. ಒಂದು ಇಂಚು ಪಿಚ್ಚಿಗೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸ. ಪ್ರೊಪೆಲರ್ ಎಷ್ಟು ಜಾರುತ್ತಿದೆ ಎಂಬ ಲೆಕ್ಕವೂ ಸುಲಭ. ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ (ಪ್ರೊಪೆಲರ್‌ನ ಒಂದು ಸುತ್ತಿಗೆ ಎಂಜಿನ್ ಸುತ್ತುವ ಸುತ್ತುಗಳಿಂದ) ಭಾಗಿಸಿ, ಇಂಚಿನಲ್ಲಿರುವ ಪಿಚ್ಚಿನಿಂದ ಗುಣಿಸಿ, 1215ರಿಂದ ಭಾಗಿಸಿದರೆ ಜಾರದೆ ಓಡಿದರೆ ಬರಬೇಕಾದ ನಾಟ್ ಸಿಗುತ್ತದೆ. 5500 ಆರ್‌ಪಿಎಂ, 2.00 ಅನುಪಾತ, 13 ಇಂಚು ಪಿಚ್ ಇದ್ದರೆ ಅದು 29.4. ಜಿಪಿಎಸ್ ಸರಾಸರಿ 25 ಇದ್ದರೆ ಜಾರುವಿಕೆ ಶೇಕಡಾ 15, ಇದು ಮಾಮೂಲಿ; 20 ಮಾತ್ರ ಇದ್ದರೆ ಶೇಕಡಾ 32, ಆಗ ಪ್ರೊಪೆಲರ್ ಕೊಳ್ಳಲು ಹೋಗದೆ ಮತ್ತೆ ಎತ್ತರದ ಅಳತೆಗೂ ರಬ್ಬರಿನ ಗೆರೆಗೂ ಹಿಂತಿರುಗಬೇಕು.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬಹಳಷ್ಟು ದೋಣಿಗಳು ಹೇಗೂ ದಡಕ್ಕೇರಿರುತ್ತವೆ, ಆದ್ದರಿಂದ ಮೋಟಾರು ಇಳಿಸುವ ಮುನ್ನ ಪಟ್ಟಿ ಹಿಡಿದು ಅಳೆಯುವುದಕ್ಕೂ ಇಳಿಸಿದ ಮೇಲೆ ಹಲಗೆ ಪರೀಕ್ಷಿಸುವುದಕ್ಕೂ ಅದೇ ಸಮಯ. ಆಗಸ್ಟಿನಲ್ಲಿ ಮತ್ತೆ ಕೂರಿಸುವಾಗ ಎಷ್ಟನೆಯ ತೂತಿಗೆ ಬೋಲ್ಟು ಹಾಕಬೇಕು, ಪಿನ್ನು ಎಲ್ಲಿರಬೇಕು ಎಂಬುದನ್ನು ಅಳಿಯದ ಮಾರ್ಕರಿನಲ್ಲಿ ಕವರಿನ ಒಳಮೈಗೆ ಬರೆದಿಟ್ಟಿದ್ದರೆ, ಕೂರಿಸುವವರು ಯಾರೇ ಆದರೂ ಅದೇ ಜಾಗಕ್ಕೆ ಕೂರುತ್ತದೆ. ಹಾಗೆ ಕೂರಿಸಿದ ಮೋಟಾರಿನ ಬೋಲ್ಟುಗಳನ್ನು ಮೊದಲ ಕೆಲವು ಓಟಗಳ ನಂತರ ಇನ್ನೊಮ್ಮೆ ಬಿಗಿ ನೋಡಬೇಕು. ಹೊಸ ಸೀಲಂಟ್ ಕುಳಿತ ಮೇಲೆ ಅವು ಅರ್ಧ ಸುತ್ತು ಸಡಿಲಾಗಿರುವುದುಂಟು.